ಒದ್ದೆಯಾಗದ ಸೋರಿಕೆ

ಕಳೆದ ಮಾಗಿಯ ಒಂದು ಮುಂಜಾನೆ ತಮ್ಮ ತಿಪಟೂರಿನಿಂದ ಫೋನು ಮಾಡಿ, “ಅಣ್ಣ, ಗಾಡಿ ಮತ್ತೆ ಕುಂಟ್ತಾ ಇದೆ” ಎಂದ. ಕುಂಟುವುದಕ್ಕಿಂತ ಆ “ಮತ್ತೆ” ಎಂಬ ಮಾತೇ ನನ್ನನ್ನು ದಿನವಿಡೀ ಕಾಡಿತು. ಅದಕ್ಕೆ ಹದಿನೈದು ದಿನ ಮೊದಲಷ್ಟೇ ಲಾರಿಯ ಸಿಲಿಂಡರುಗಳಿಗೆ ಡೀಸೆಲ್ ಸಿಂಪಡಿಸುವ ಆರೂ ನಾಜಲ್ ಹೊಸದಾಗಿ ಹಾಕಿಸಿ, ಅವುಗಳಿಗೆ ಡೀಸೆಲ್ ತಳ್ಳುವ ಪಂಪು ಇಳಿಸಿ ಅದರ ಅಳತೆ ಸರಿಪಡಿಸುವ ಕ್ಯಾಲಿಬ್ರೇಶನ್ ಮಾಡಿಸಿ, ಎಲ್ಲ ಸೇರಿ 22,000 ರೂಪಾಯಿ ಎಣಿಸಿ ಕೊಟ್ಟಿದ್ದೆವು. ಹಾಗೆ ಮಾಡಿಸು ಎಂದು ಹೇಳಿದವನು ನಾನೇ. ತಮ್ಮ ಬಾನೆಟ್ ಎತ್ತಿ ಫೋನನ್ನು ಎಂಜಿನ್ನಿನ ಪಕ್ಕ ಹಿಡಿದಿದ್ದ. ಮೈಸೂರಿನಲ್ಲಿ ಕಾಫಿ ಲೋಟ ಹಿಡಿದು ಕುಳಿತಿದ್ದ ನಾನು ಅರ್ಧ ನಿಮಿಷ ಕಣ್ಣು ಮುಚ್ಚಿ ಆಲಿಸಿ, “ನಾಜಲ್ ಹೋಗಿದೆ, ಅನುಮಾನವೇ ಬೇಡ” ಎಂದು ತೀರ್ಪು ಕೊಟ್ಟಿದ್ದೆ. ಲಾರಿಯವನ ಮಗನಿಗೆ ಎಂಜಿನ್ನಿನ ಸದ್ದು ತಿಳಿಯದೆ ಇರುತ್ತದೆಯೇ ಎಂಬ ಹಮ್ಮು ನನಗಿತ್ತು. ಮೆಕ್ಯಾನಿಕ್ಕುಗಳ ಬಗ್ಗೆ ನಮ್ಮಲ್ಲಿ ಎಲ್ಲರೂ ಹೇಳುವ ಒಂದು ಕತೆಯಿದೆ: ನಿಜವಾದ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವುದೇ ಇಲ್ಲ, ಗಾಡಿ ಗೇಟಿನೊಳಗೆ ಬರುವಾಗಲೇ ಸದ್ದು ಕೇಳಿ ಕಾಯಿಲೆ ಹೇಳಿಬಿಡುತ್ತಾನೆ ಎಂದು. ಆ ಕತೆಯನ್ನು ನಾನೂ ನಂಬಿದ್ದೆ, ಇತರರಿಗೂ ಹೇಳಿದ್ದೆ. ಈ ಬರಹ ಅದನ್ನು ನಂಬಿ ಕೆಟ್ಟ ಬಗೆಯನ್ನು ಕುರಿತದ್ದು.

ಲಾರಿ ಟಾಟಾ 1210. ಅಪ್ಪ 1991ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಈಗ ತಮ್ಮ ಅದರಲ್ಲಿ ಸುತ್ತಲಿನ ಹಳ್ಳಿಗಳಿಂದ ತೆಂಗಿನ ಮಟ್ಟೆಯನ್ನು ನಾರಿನ ಕಾರ್ಖಾನೆಗೆ ಹೊಡೆಯುತ್ತಾನೆ. ಆ ಹೆಸರಿನಲ್ಲಿರುವ ಅಂಕಿಗಳಿಗೆ ಅರ್ಥವಿದೆ: ಮೊದಲ ಎರಡು ಅಂಕಿ ಗಾಡಿಯ ಒಟ್ಟು ತೂಕದ ಟನ್ನುಗಳನ್ನೂ ಕೊನೆಯ ಎರಡು ಅಂಕಿ ಅಶ್ವಶಕ್ತಿಯ ಹತ್ತನೆಯ ಒಂದು ಪಾಲನ್ನೂ ಹೇಳುತ್ತವೆ. ಇದು ಜರ್ಮನಿಯಿಂದ ಬಂದ ರೂಢಿ. 1954ರಲ್ಲಿ ಟಾಟಾ ಗುಂಪಿನ ಟೆಲ್ಕೊ ಕಂಪನಿ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. 1969ರಲ್ಲಿ ಆ ಒಪ್ಪಂದ ಮುಗಿದು ಮೂತಿಯ ಮೇಲಿನ ಬೆಂಜ್ ನಕ್ಷತ್ರ ಹೋಯಿತು, ಎಂಜಿನ್ನು ಮಾತ್ರ ಅದೇ ವಂಶದ್ದಾಗಿ ಉಳಿಯಿತು. ನಮ್ಮ ಗಾಡಿಯದು 697 ಎಂಜಿನ್, ಅಂದರೆ ಆರು ಸಿಲಿಂಡರ್, 97 ಮಿಲಿಮೀಟರ್ ಬೋರು (ಸಿಲಿಂಡರಿನ ಒಳ ಅಗಲ). ಸ್ಟ್ರೋಕು, ಅಂದರೆ ಪಿಸ್ಟನ್ನು ಏರಿಳಿಯುವ ದೂರ, 128 ಮಿಲಿಮೀಟರ್. ಸುಮಾರು ಐದೂ ಮುಕ್ಕಾಲು ಲೀಟರಿನ ಈ ಎಂಜಿನ್ನನ್ನು ಬಿಚ್ಚಿ ಕಟ್ಟದ ಗ್ಯಾರೇಜು ಹೆದ್ದಾರಿಯ ಬದಿಯಲ್ಲಿ ಸಿಗುವುದು ಕಷ್ಟ. ಎಲ್ಲರಿಗೂ ಗೊತ್ತಿರುವ ಎಂಜಿನ್ನು ಎಂಬುದೇ ಅದರ ದೊಡ್ಡ ಗುಣ. ಹಾಗೆಯೇ, ಎಲ್ಲರಿಗೂ ಗೊತ್ತಿದೆ ಎಂಬ ಕಾರಣಕ್ಕೇ ಯಾರೂ ಅದನ್ನು ಸರಿಯಾಗಿ ಪರೀಕ್ಷಿಸುವುದಿಲ್ಲ ಎಂಬುದು ಅದರ ದುರ್ದೈವ.

ಕುಂಟುವುದೆಂದರೆ ಏನೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಈ ಎಂಜಿನ್ನು ಐಡಲ್‌ನಲ್ಲಿ, ಅಂದರೆ ಗಾಡಿ ನಿಂತಲ್ಲೇ ಓಡುವಾಗ, ನಿಮಿಷಕ್ಕೆ ಸುಮಾರು 600 ಸುತ್ತು ತಿರುಗುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಾದ್ದರಿಂದ ಒಂದೊಂದು ಸಿಲಿಂಡರು ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ, ಅಂದರೆ ಸೆಕೆಂಡಿಗೆ ಐದು ಸಲ. ಆರೂ ಸೇರಿದರೆ ಸೆಕೆಂಡಿಗೆ ಮೂವತ್ತು ಏಟು. ಒಂದು ಸಿಲಿಂಡರು ಉರಿಯದೆ ಅವುಗಳಲ್ಲಿ ಐದು ಏಟು ತಪ್ಪಿದರೆ ಉಳಿದ ಇಪ್ಪತ್ತೈದರ ನಡುವೆ ಒಂದು ಹಳ್ಳ ಬೀಳುತ್ತದೆ, ಗೇರಿನ ಕೋಲು ನಡುಗುತ್ತದೆ, ಡ್ಯಾಶ್‌ಬೋರ್ಡಿನ ಮೇಲಿನ ದೇವರ ಪಟ ಗಲಗಲ ಅನ್ನುತ್ತದೆ. ಕಿವಿಗೆ ಇಷ್ಟು ಗೊತ್ತಾಗುತ್ತದೆ, ಸುಳ್ಳಲ್ಲ. ಆದರೆ ಹಳ್ಳ ಬಿದ್ದಿರುವುದು ಕೇಳಿಸುತ್ತದೆಯೇ ಹೊರತು ಅದನ್ನು ತೋಡಿದವರು ಯಾರೆಂಬುದು ಕೇಳಿಸುವುದಿಲ್ಲ. ನಾಜಲ್ ತೊಟ್ಟಿಕ್ಕಿದರೂ ಅದೇ ಸದ್ದು, ವಾಲ್ವು ಸೋರಿದರೂ ಅದೇ ಸದ್ದು, ಡೀಸೆಲ್ಲಿನಲ್ಲಿ ಗಾಳಿ ಸೇರಿದರೂ ಹೆಚ್ಚುಕಡಿಮೆ ಅದೇ ಸದ್ದು.

ಶಿರಾಡಿಯ ತಿರುವಿನಲ್ಲಿ

ಗಾಳಿಯ ವಿಷಯ ನನಗೆ ಮೊದಲೇ ತಿಳಿದಿರಬೇಕಿತ್ತು. ಎಂಟನೆಯ ತರಗತಿಯ ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ಇದೇ ಲಾರಿಯಲ್ಲಿ ಮಂಗಳೂರಿಗೆ ಹೋಗಿದ್ದೆ. ಹೋಗುವಾಗ ಹಾಸನದ ಆಲೂಗಡ್ಡೆ, ಬರುವಾಗ ಮಂಗಳೂರು ಹೆಂಚು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದ ಮೇಲೆ, ಕೆಂಪುಹೊಳೆ ಎಲ್ಲೋ ಕೆಳಗೆ ಕತ್ತಲಲ್ಲಿ ಸದ್ದು ಮಾಡುತ್ತಿದ್ದ ಒಂದು ಜಾಗದಲ್ಲಿ, ಎಂಜಿನ್ನು ಎರಡು ಸಲ ಬಿಕ್ಕಿ ನಿಂತುಹೋಯಿತು. ಕ್ಲೀನರ್ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಅಪ್ಪ ಬಯ್ಯಲಿಲ್ಲ, ಗಾಬರಿಯೂ ಪಡಲಿಲ್ಲ. ಬಾನೆಟ್ ಎತ್ತಿ, ಬ್ಯಾಟರಿ ದೀಪ ನನ್ನ ಕೈಗೆ ಕೊಟ್ಟು, ಡೀಸೆಲ್ ಫಿಲ್ಟರಿನ ತಲೆಯ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, “ಇಲ್ಲಿ ಒತ್ತು” ಎಂದು ಫೀಡ್ ಪಂಪಿನ ಗುಂಡಿ ತೋರಿಸಿದರು. ನಾನು ಒತ್ತುತ್ತ ಹೋದೆ. ಸ್ಕ್ರೂವಿನ ಬುಡದಿಂದ ಮೊದಲು ಬರೀ ಗಾಳಿ, ಆಮೇಲೆ ಬಿಳಿ ನೊರೆ, ಬಹಳ ಹೊತ್ತಿನ ಮೇಲೆ ಗುಳ್ಳೆಯಿಲ್ಲದ ಡೀಸೆಲ್ ಬಂದಿತು. ಅಷ್ಟರಲ್ಲಿ ನನ್ನ ಹೆಬ್ಬೆರಳು ಸೋತುಹೋಗಿತ್ತು.

ಗಾಡಿ ಸ್ಟಾರ್ಟ್ ಆಯಿತು, ಆದರೆ ಅಪ್ಪ ಹೊರಡಲಿಲ್ಲ. ಬ್ಯಾಟರಿ ಹಿಡಿದು ಗಾಡಿಯ ಕೆಳಗೆ ತೂರಿ, ಟ್ಯಾಂಕಿನಿಂದ ಬರುವ ಪೈಪನ್ನು ಗೇಣು ಗೇಣಾಗಿ ಸವರುತ್ತ ಒಂದು ಕಡೆ ನಿಂತರು. ಬಟ್ಟೆ ಸೋಪಿನ ತುಂಡನ್ನು ಹಸಿ ಮಾಡಿ ಅಲ್ಲಿ ಮೆತ್ತಿ, ಮೇಲೆ ಹತ್ತಿ ದಾರ ಬಿಗಿಯಾಗಿ ಸುತ್ತಿದರು. ಡೀಸೆಲ್ಲು ಸೋಪನ್ನು ಕರಗಿಸುವುದಿಲ್ಲವೆಂಬುದು ಪ್ರತಿ ಲಾರಿ ಡ್ರೈವರನಿಗೂ ಗೊತ್ತಿದ್ದ ವಿಜ್ಞಾನ. ನಾನು ಬೆಳಕು ಬಿಟ್ಟು ನೋಡಿದಾಗ ಆ ಜಾಗ ಒಣಗಿತ್ತು, ಧೂಳು ಹಾಗೇ ಕುಳಿತಿತ್ತು. “ಸೋರ್ತಾನೇ ಇಲ್ವಲ್ಲಪ್ಪ” ಎಂದೆ. “ಇದು ಹೊರಗೆ ಸೋರಲ್ಲ ಕಣೋ, ಒಳಕ್ಕೆ ಸೋರುತ್ತೆ” ಎಂದರು. ಅಷ್ಟೇ ಅವರ ವಿವರಣೆ.

ಆ ಮಾತಿನ ಅರ್ಥವನ್ನು ಬಿಡಿಸಿ ಹೇಳುವುದಾದರೆ ಹೀಗೆ: ಫೀಡ್ ಪಂಪು ಟ್ಯಾಂಕಿನಿಂದ ಡೀಸೆಲನ್ನು ಹೀರಿಕೊಳ್ಳುತ್ತದೆ. ಹೀರುವ ಆ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ. ಹಾಗಾಗಿ ಅಲ್ಲಿ ಬಿರುಕಿದ್ದರೆ ಡೀಸೆಲ್ಲು ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪಂಪಿನಿಂದ ಮುಂದಿನ ಪೈಪುಗಳಲ್ಲಾದರೆ ಒತ್ತಡ ಹೆಚ್ಚು. ಅಲ್ಲಿ ಸೋರಿದರೆ ಎಂಜಿನ್ನು ಒದ್ದೆಯಾಗಿ, ಧೂಳು ಕಪ್ಪಾಗಿ, ಕುರುಡನಿಗೂ ವಾಸನೆಯಿಂದ ಪತ್ತೆಯಾಗುತ್ತದೆ. ಒಳಸೇರಿದ ಗಾಳಿ ಮಾಡುವ ಅನಾಹುತವೆಂದರೆ, ನಾಜಲ್ಲಿನ ಬಾಯಿ ಮುಚ್ಚಿರುವ ಸೂಜಿ ಏಳಬೇಕಾದರೆ, ಫೀಡ್ ಪಂಪಿನಿಂದ ಮುಂದಿರುವ ದೊಡ್ಡ ಪಂಪು ಡೀಸೆಲ್ಲಿನ ಮೇಲೆ ಸುಮಾರು 200 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಸುತ್ತಲಿನ ಗಾಳಿಯ ಒತ್ತಡ) ಒತ್ತಡ ಹಾಕಬೇಕು. ದ್ರವವನ್ನು ಒತ್ತಿದರೆ ಅದು ಕುಗ್ಗದೆ ಒತ್ತಡವನ್ನು ಮುಂದಕ್ಕೆ ದಾಟಿಸುತ್ತದೆ. ಗಾಳಿಯನ್ನು ಒತ್ತಿದರೆ ಅದು ತಾನೇ ಕುಗ್ಗಿ ಕೂರುತ್ತದೆ. ಐಡಲ್‌ನಲ್ಲಿ ಒಂದು ಸಲಕ್ಕೆ ಸಿಲಿಂಡರಿಗೆ ಹೋಗುವ ಡೀಸೆಲ್ಲು ಒಂದು ಹನಿಗಿಂತಲೂ ಕಡಿಮೆ. ಅಷ್ಟರಲ್ಲಿ ಸಾಸಿವೆಗಿಂತ ಚಿಕ್ಕದೊಂದು ಗುಳ್ಳೆ ಸೇರಿದರೂ ಆ ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರಿನ ಶ್ರಮವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದು ಸೂಜಿ ಏಳುವುದೇ ಇಲ್ಲ.

ಇಷ್ಟೆಲ್ಲ ಹದಿಮೂರನೆಯ ವಯಸ್ಸಿನಲ್ಲೇ ಕಣ್ಣಾರೆ ಕಂಡಿದ್ದವನು ಫೋನಿನಲ್ಲಿ ಸದ್ದು ಕೇಳಿ ನಾಜಲ್ ಎಂದೆ. ಅದಕ್ಕೊಂದು ಸಮಜಾಯಿಷಿ ಇದೆ. ಅದು ಸಮಜಾಯಿಷಿಯೇ ಎಂಬುದೂ ನನಗೆ ಗೊತ್ತಿದೆ. ನಾಜಲ್ ಎಂಬುದು ಬಿಚ್ಚಿ ಹಾಕಬಹುದಾದ, ಅಂಗಡಿಯಲ್ಲಿ ಡಬ್ಬಿಯೊಳಗೆ ಸಿಗುವ, ಬೆಲೆಯಿರುವ ವಸ್ತು. ಕಾಯಿಲೆಗೆ ಒಂದು ಡಬ್ಬಿ ಸಿಕ್ಕಿದರೆ ಮನಸ್ಸಿಗೆ ಸಮಾಧಾನ. ಬಿರುಕಿಗೆ ಡಬ್ಬಿಯಿಲ್ಲ.

ಸ್ಟಾರ್ಟ್ ಮಾಡಬೇಡಿ

ಎರಡನೆಯ ಸಲ ನಾನು ಫೋನಿನಲ್ಲಿ ತೀರ್ಪು ಕೊಡುವ ಧೈರ್ಯ ಮಾಡದೆ ಶನಿವಾರ ಊರಿಗೆ ಹೋದೆ. ಅಪ್ಪನ ಕಾಲದ ಮೇಸ್ತ್ರಿಯೊಬ್ಬರು ಈಗಲೂ ಇದ್ದಾರೆ. ಎಪ್ಪತ್ತು ದಾಟಿದೆ, ಹುಣಸೆಮರದ ಕೆಳಗಿನ ಗ್ಯಾರೇಜನ್ನು ಮಗನಿಗೆ ಬಿಟ್ಟು ತಾವು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಸಂಜೆ ಗಾಡಿ ಒಯ್ದೆವು. ಗೇಟಿನೊಳಗೆ ಬರುವಾಗಲೇ ಕಾಯಿಲೆ ಹೇಳುತ್ತಾರೆಂದು ನಾನು ಅವರ ಮುಖ ನೋಡುತ್ತಿದ್ದೆ. ಅವರು ಕೇಳಿದ್ದು ಬರೀ ಪ್ರಶ್ನೆಗಳು. ಬೆಳಿಗ್ಗೆ ಹೆಚ್ಚೋ, ಬಿಸಿಯಾದ ಮೇಲೆ ಹೆಚ್ಚೋ? ಹೊಗೆ ಬೆಳ್ಳಗೋ, ಕಪ್ಪೋ, ನೀಲಿಯೋ? ಟ್ಯಾಂಕು ತುಂಬಿದ್ದಾಗ ಹೇಗೆ, ತಳ ಕಂಡಾಗ ಹೇಗೆ? ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು, ಬಿಳಿ ಹೊಗೆ ಬರುತ್ತದೆ, ಟ್ಯಾಂಕು ತಳ ಕಂಡಾಗ ಜಾಸ್ತಿ, ಎಂದು ತಮ್ಮ ಉತ್ತರಿಸಿದ. ಆ ಮೂರನೆಯ ಪ್ರಶ್ನೆಯನ್ನು ನಾವು ಯಾರೂ ನಮಗೆ ನಾವೇ ಕೇಳಿಕೊಂಡಿರಲಿಲ್ಲ. “ಸರಿ ಕಣಪ್ಪ, ಗಾಡಿ ಇಲ್ಲೇ ಬಿಟ್ಟೋಗಿ. ಬೆಳಿಗ್ಗೆ ನಾನು ಬರೋಗಂಟ ಯಾರೂ ಸ್ಟಾರ್ಟ್ ಮಾಡಬೇಡಿ” ಎಂದು ಎದ್ದು ನಮಾಜಿಗೆ ಹೋದರು.

ಬೆಳಿಗ್ಗೆ ಅವರು ಮಾಡಿಸಿದ ಮೊದಲ ಕೆಲಸ ಫಿಲ್ಟರಿನ ಸ್ಕ್ರೂ ಸಡಿಲಿಸಿ ಗುಂಡಿ ಒತ್ತುವುದು. ಅವರ ಮಗ ಒತ್ತುತ್ತ ಎಣಿಸಿದ. ನೊರೆ ನಿಲ್ಲಲು ನಲವತ್ತಕ್ಕೂ ಹೆಚ್ಚು ಒತ್ತು ಬೇಕಾಯಿತು. ರಾತ್ರಿಯಿಡೀ ಪೈಪಿನ ಡೀಸೆಲ್ಲು ಟ್ಯಾಂಕಿಗೆ ಹಿಂದಿರುಗಿ ಇಳಿದಿತ್ತು. ಸ್ಟಾರ್ಟ್ ಮಾಡಿದರೆ ಒಂದೇ ಸೆಲ್ಫಿಗೆ ಹಿಡಿಯಿತು. ಆಮೇಲೆ ಫೀಡ್ ಪಂಪಿನ ಮುಂದೆ ಪೈಪು ಬಿಚ್ಚಿ, ನಡುವೆ ಗೇಣುದ್ದದ ಪಾರದರ್ಶಕ ಪೈಪಿನ ತುಂಡು ಸೇರಿಸಿದರು. ಒಳಗೆ ಸೋಡಾ ಬಾಟಲಿ ತೆರೆದಂತೆ ಸಾಲು ಸಾಲು ಗುಳ್ಳೆ. ಟ್ಯಾಂಕಿನ ಪೈಪನ್ನು ಬದಿಗಿಟ್ಟು, ಐದು ಲೀಟರಿನ ಕ್ಯಾನಿನಲ್ಲಿ ಡೀಸೆಲ್ ತುಂಬಿ ಕ್ಯಾಬಿನ್ನಿನ ಮೇಲಿಟ್ಟು ಅಲ್ಲಿಂದ ನೇರ ಪಂಪಿಗೆ ಕೊಟ್ಟಾಗ ಗುಳ್ಳೆಗಳು ಮಾಯವಾದವು. ಎಂದರೆ ದೋಷ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿಯೇ ಇದೆ, ಅದರಿಂದಾಚೆಗಿಲ್ಲ ಎಂದಾಯಿತು. ಅರ್ಧ ಗಂಟೆಯಲ್ಲಿ, ಒಂದು ಕ್ಯಾನಿನ ಖರ್ಚಿನಲ್ಲಿ, ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಚಾಸಿಗೆ ಉಜ್ಜಿಕೊಂಡಿದ್ದ ರಬ್ಬರ್ ಪೈಪಿನಲ್ಲಿ, ಚಾಸಿಯ ಕಡೆಗಿದ್ದ ಮೈಯಲ್ಲಿ, ಬಿರುಕು ಸಿಕ್ಕಿತು. ಸುತ್ತ ಒಣ ಧೂಳು. ಪೈಪು ಬದಲಾಯಿಸಿ, ಎರಡು ತಾಮ್ರದ ವಾಷರ್ ಹೊಸದು ಹಾಕಿದ್ದಕ್ಕೆ ಆದ ಖರ್ಚನ್ನು ಇಲ್ಲಿ ಬರೆಯಲು ನನಗೆ ನಾಚಿಕೆ.

ನಾವು ಹೊರಡಲು ಎದ್ದೆವು. ಮೇಸ್ತ್ರಿ ಏಳಲಿಲ್ಲ. “ಇನ್ನೊಂದು ಐತೆ” ಎಂದರು.

ಸುಮ್ಮನಿರುವ ಸಿಲಿಂಡರು

ಗಾಳಿ ಹೋದ ಮೇಲೆ ಎಂಜಿನ್ನಿನ ವೇಗದ ಏರಿಳಿತ ನಿಂತಿತ್ತು, ಕುಂಟು ನಿಂತಿರಲಿಲ್ಲ. ಮೊದಲು ಎರಡೂ ಕಲಸಿಕೊಂಡು ಗೊಂದಲವಾಗಿದ್ದದ್ದು ಈಗ ಒಂದೇ ಸಮನೆಯ, ಎಣಿಸಬಹುದಾದ ಕುಂಟಾಗಿತ್ತು. ಒಂದೇ ಜ್ವರಕ್ಕೆ ಎರಡು ಕಾಯಿಲೆಗಳಿದ್ದವು. ಒಂದನ್ನು ವಾಸಿ ಮಾಡದೆ ಇನ್ನೊಂದು ಕಾಣುವಂತಿರಲಿಲ್ಲ. ನಾಜಲ್ ಹಾಕಿದ್ದ ಮೊದಲ ಮೆಕ್ಯಾನಿಕ್ಕಿನ ಮೇಲೆ ನನ್ನ ಸಿಟ್ಟು ಇಲ್ಲಿ ಸ್ವಲ್ಪ ಇಳಿಯಿತು.

“ಯಾವ ಸಿಲಿಂಡರ್ ಅಂತ ಹೇಳಿ ನೋಡೋಣ” ಎಂದು ಮೇಸ್ತ್ರಿ ನನ್ನ ಕಡೆ ನೋಡಿದರು. ಅಣಕವೋ ಅಲ್ಲವೋ ಅವರ ಮುಖದಲ್ಲಿ ಗೊತ್ತಾಗಲಿಲ್ಲ. ನಾನು ಬಗ್ಗಿ ಆಲಿಸಿ ಮೂರನೆಯದು ಎಂದೆ. ಅವರು ತಮಗೂ ಗೊತ್ತಿಲ್ಲವೆಂದು ಹೇಳಿ ಮಗನಿಗೆ ಸ್ಪ್ಯಾನರ್ ಕೊಟ್ಟರು. ನಾಜಲ್ಲಿಗೆ ಹೋಗುವ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದರೆ ಡೀಸೆಲ್ಲು ಅಲ್ಲೇ ಚಿಮ್ಮಿ ಹೋಗಿ ಆ ಸಿಲಿಂಡರಿಗೆ ಅನ್ನ ನಿಲ್ಲುತ್ತದೆ. ಒಂದನೆಯದನ್ನು ಸಡಿಲಿಸಿದ: ಎಂಜಿನ್ನು ಮುಗ್ಗರಿಸಿ ಇನ್ನಷ್ಟು ನಡುಗಿತು. ಬಿಗಿ ಮಾಡಿದ, ಸರಿಹೋಯಿತು. ಎರಡು, ಮೂರು, ನಾಲ್ಕು: ಪ್ರತಿ ಸಲವೂ ಅದೇ ಮುಗ್ಗರಿಕೆ. ಐದನೆಯದನ್ನು ಸಡಿಲಿಸಿದಾಗ ಏನೂ ಆಗಲಿಲ್ಲ. ಡೀಸೆಲ್ಲು ಚಿಮ್ಮುತ್ತಿದೆ, ಎಂಜಿನ್ನು ಮಾತ್ರ ತನಗೇನೂ ಸಂಬಂಧವಿಲ್ಲವೆಂಬಂತೆ ಹಿಂದಿನ ಹಾಗೆಯೇ ಕುಂಟುತ್ತಿದೆ. ಕೆಲಸ ಮಾಡುತ್ತಿರುವುದನ್ನು ನಿಲ್ಲಿಸಿದರೆ ಮನೆಯೆಲ್ಲ ಗೊತ್ತಾಗುತ್ತದೆ. ಮೊದಲೇ ಸುಮ್ಮನೆ ಕೂತಿರುವುದನ್ನು ನಿಲ್ಲಿಸಿದರೆ ಯಾರಿಗೂ ತಿಳಿಯುವುದಿಲ್ಲ. ಈ ಪರೀಕ್ಷೆಯಲ್ಲಿಯೂ ಕಿವಿಯದ್ದೇ ಕೆಲಸ, ಆದರೆ ಅದಕ್ಕೆ ಮೊದಲು ಒಬ್ಬರು ಪ್ರಶ್ನೆಯನ್ನು ಸಿದ್ಧ ಮಾಡಿಕೊಡಬೇಕು. ಬದಲಾಯಿತೇ, ಇಲ್ಲವೇ? ಅಷ್ಟಕ್ಕೆ ನನ್ನ ಕಿವಿ ಸಾಕಾಗಿತ್ತು.

(ಇದನ್ನು ಓದಿ ಯಾರೂ ಹೊಸ ಗಾಡಿಯ ನಟ್ಟು ಸಡಿಲಿಸಲು ಹೋಗಬಾರದು. ಎಲ್ಲ ನಾಜಲ್ಲಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್ನುಗಳ ಪೈಪಿನಲ್ಲಿ ಸಾವಿರಕ್ಕೂ ಮೀರಿದ ಬಾರ್ ಒತ್ತಡ ಇರುತ್ತದೆ. ಚಿಮ್ಮಿದ ಡೀಸೆಲ್ಲು ಚರ್ಮವನ್ನು ಸೀಳಿ ಒಳಗೆ ಹೋಗಿ ಬೆರಳನ್ನೇ ಕಳೆಯಬಲ್ಲದು. 2020ರ ಏಪ್ರಿಲ್‌ನಿಂದ ಬಂದ, ಹೊಗೆ ಮಾಲಿನ್ಯದ ಬಿಎಸ್-6 ನಿಯಮದ ಲಾರಿಗಳಲ್ಲಿ ಇದೇ ಪರೀಕ್ಷೆಯನ್ನು ಸ್ಕ್ಯಾನರು ಮಾಡುತ್ತದೆ: ಒಂದೊಂದೇ ಸಿಲಿಂಡರಿನ ಇಂಧನ ನಿಲ್ಲಿಸಿ ಎಂಜಿನ್ನಿನ ವೇಗ ಎಷ್ಟು ಬಿತ್ತೆಂದು ಅಳೆಯುತ್ತದೆ. ಸ್ಪ್ಯಾನರಿನ ಜಾಗದಲ್ಲಿ ಸಾಫ್ಟ್‌ವೇರ್ ಬಂದಿದೆ, ಕೇಳುವ ಪ್ರಶ್ನೆ ಹಳೆಯದೇ.)

ಈಗಲೂ ನಾನು “ಹಾಗಾದರೆ ಐದನೆಯ ನಾಜಲ್ಲೇ” ಎಂದೆ. ಹಮ್ಮು ಅಷ್ಟು ಬೇಗ ಇಳಿಯುವ ವಸ್ತುವಲ್ಲ. ಮೇಸ್ತ್ರಿ ವಾದಿಸಲಿಲ್ಲ, ಐದರ ನಾಜಲನ್ನು ಎರಡಕ್ಕೂ ಎರಡರದನ್ನು ಐದಕ್ಕೂ ಅದಲು ಬದಲು ಮಾಡಿಸಿದರು. ನಾಜಲ್ ಕೆಟ್ಟಿದ್ದರೆ ಕಾಯಿಲೆ ಅದರ ಜೊತೆ ಎರಡಕ್ಕೆ ಹೋಗಬೇಕು. ಹೋಗಲಿಲ್ಲ, ಐದರಲ್ಲೇ ಉಳಿಯಿತು. ಡೀಸೆಲ್ಲು ಬರುತ್ತಿದೆ, ನಾಜಲ್ಲು ಸರಿಯಿದೆ. ಉಳಿದದ್ದು ಗಾಳಿಯನ್ನು ಹಿಂಡುವ ಶಕ್ತಿ. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗಿಲ್ಲ; ಪಿಸ್ಟನ್ನು ಗಾಳಿಯನ್ನು ಹಿಂಡಿ ಹಿಂಡಿ ಕಾಯಿಸಿದ ಬಿಸಿಗೇ ಡೀಸೆಲ್ಲು ಹೊತ್ತಿಕೊಳ್ಳಬೇಕು. ಹಿಂಡಿದ ಗಾಳಿ ಎಲ್ಲೋ ನುಸುಳಿದರೆ ಬಿಸಿಯೂ ಅದರ ಜೊತೆಯಲ್ಲೇ ಹೋಗುತ್ತದೆ, ಹೊತ್ತದ ಡೀಸೆಲ್ಲು ಬಿಳಿ ಹೊಗೆಯಾಗುತ್ತದೆ. ಕಂಪ್ರೆಷನ್ ಗೇಜು ಹಾಕಿದರೆ ಉಳಿದ ಐದೂ 24, 25 ಬಾರ್ ತೋರಿಸಿದವು, ಐದನೆಯದು 16.

ನುಸುಳುತ್ತಿರುವುದು ಪಿಸ್ಟನ್ನಿನ ಸುತ್ತಲಿನ ರಿಂಗಿನಿಂದಲೋ ವಾಲ್ವಿನಿಂದಲೋ ಎಂದು ತಿಳಿಯಲು ಅವರು ಮಾಡಿದ್ದು ಆ ದಿನದ ಅತ್ಯಂತ ಚೆಂದದ ಕೆಲಸವೆಂದು ನನಗೆ ಅನ್ನಿಸುತ್ತದೆ. ಎಂಜಿನ್ನನ್ನು ಕೈಯಿಂದ ತಿರುಗಿಸಿ ಐದನೆಯ ಪಿಸ್ಟನ್ನನ್ನು ಎರಡೂ ವಾಲ್ವು ಮುಚ್ಚಿರುವ ಹಾಗೆ ಮೇಲಿನ ತುದಿಗೆ ತಂದು, ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ನಾಜಲ್ ತೆಗೆದ ತೂತಿನಿಂದ ಪಂಚರ್ ಅಂಗಡಿಯ ಕಂಪ್ರೆಸರಿನ ಗಾಳಿ ಬಿಡಿಸಿದರು. “ಈಗ ಕೇಳಿ” ಎಂದು ನನ್ನನ್ನು ಸೈಲೆನ್ಸರಿನ ಬಾಯಿಯ ಹತ್ತಿರ ಕಳಿಸಿದರು. ಮಂಡಿಯೂರಿ ಕಿವಿ ಕೊಟ್ಟೆ. ಒಳಗಿನಿಂದ ಸಣ್ಣಗೆ, ಎಡೆಬಿಡದೆ, ಸುಯ್ಯೆಂದು ಬರುತ್ತಿತ್ತು. ತಮ್ಮ ಆಯಿಲ್ ಹಾಕುವ ಮುಚ್ಚಳ ತೆಗೆದು ಕೇಳಿದ, ಅಲ್ಲಿ ಮೌನ. ರಿಂಗಲ್ಲ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವು.

ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟುಗಳ ಕವರು ತೆಗೆದು, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಹಿಡಿದಾಗ ಕಾರಣವೂ ಸಿಕ್ಕಿತು. ತಣ್ಣಗಿರುವಾಗ, ವಾಲ್ವಿಗೂ ಟ್ಯಾಪೆಟ್ಟಿಗೂ ನಡುವೆ, ಈ ಎಂಜಿನ್ನಿನ ಇನ್‌ಲೆಟ್ ವಾಲ್ವಿಗೆ 0.20 ಮಿಲಿಮೀಟರ್, ಎಕ್ಸಾಸ್ಟಿಗೆ 0.30 ಮಿಲಿಮೀಟರ್ ಸಂದು ಬಿಡಬೇಕು. ಐದನೆಯ ಎಕ್ಸಾಸ್ಟಿನಲ್ಲಿ ಗೇಜಿನ ಅತ್ಯಂತ ತೆಳುವಾದ ಪಟ್ಟಿಯೂ ತೂರಲಿಲ್ಲ. ವರ್ಷಗಟ್ಟಲೆ ಬಡಿದು ಬಡಿದು, ವಾಲ್ವು ಮುಚ್ಚಿ ಕೂರುವ ಸೀಟು ಸವೆದಂತೆ ವಾಲ್ವು ಮೇಲಕ್ಕೆ ಸರಿಯುತ್ತದೆ, ಸಂದು ಮುಚ್ಚುತ್ತ ಬರುತ್ತದೆ. ಕೊನೆಗೆ ಬಿಸಿಯಾಗಿ ಹಿಗ್ಗಿದಾಗ ಪೂರ್ತಿ ಕೂರಲು ಜಾಗವಿಲ್ಲದೆ ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ. ವಾಲ್ವಿನ ಅಂಚು ತನ್ನ ಬಿಸಿಯನ್ನು ಬಿಟ್ಟುಕೊಡುವುದೇ ಸೀಟಿಗೆ ತಾಗಿದಾಗ. ತಾಗದಿದ್ದರೆ ಸುಡುತ್ತದೆ. ಇಲ್ಲೊಂದು ವಿಚಿತ್ರವೆಂದರೆ, ಸಂದು ಜಾಸ್ತಿಯಾದ ಟ್ಯಾಪೆಟ್ಟು ಟಕಟಕ ಎಂದು ಊರಿಗೆಲ್ಲ ಸಾರುತ್ತದೆ, ಸಂದು ಮುಚ್ಚಿಹೋದದ್ದು ಬಾಯಿ ಮುಚ್ಚಿಕೊಂಡಿರುತ್ತದೆ. ಗಾಡಿ ಈಚೆಗೆ ಬಹಳ ಮೆತ್ತಗೆ ಓಡುತ್ತಿದೆಯೆಂದು ತಮ್ಮ ಒಂದು ವರ್ಷದಿಂದ ಹೆಮ್ಮೆಪಡುತ್ತಿದ್ದ.

ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡು ಇಳಿಸುವುದು, ಏರಿಸುವುದು, ಗ್ಯಾಸ್ಕೆಟ್ಟು, ನಡುವಿನಿಂದ ಹೊರಕ್ಕೆ ಸುತ್ತುತ್ತ ಬೋಲ್ಟು ಬಿಗಿಯುವುದು ಎಲ್ಲರೂ ಕಂಡ ಕೆಲಸ, ಅದನ್ನು ಬರೆಯುವುದಿಲ್ಲ. ಕಣ್ಣಲ್ಲಿ ಉಳಿದದ್ದು ಕೈಗೆ ಬಂದ ಆ ವಾಲ್ವು. ಅಂಚಿನ ಸುತ್ತ ಬೂದು ಬಣ್ಣದ ನುಣುಪು ಉಂಗುರ, ಒಂದೇ ಕಡೆ ಕಿರುಬೆರಳ ಉಗುರಿನಷ್ಟು ಅಗಲಕ್ಕೆ ಇಲಿ ಕಡಿದ ಹಾಗೆ ಸುಟ್ಟು ಹೋದ ಗುರುತು. ಸೀಟು ಕಟ್ ಮಾಡಿಸಿ, ಹೊಸ ವಾಲ್ವಿಗೆ ಉಜ್ಜುವ ಪೇಸ್ಟು ಹಚ್ಚಿ, ರಬ್ಬರ್ ಬಟ್ಟಲಿನ ಕೋಲನ್ನು ಎರಡು ಅಂಗೈಗಳ ನಡುವೆ ಹಿಡಿದು ಮಜ್ಜಿಗೆ ಕಡೆಯುವಂತೆ ಮೇಸ್ತ್ರಿಯೇ ಕಡೆದರು. ಆಮೇಲೆ ಹೆಡ್ಡನ್ನು ಮಗುಚಿ, ಪೋರ್ಟಿನೊಳಗೆ ಸೀಮೆಎಣ್ಣೆ ಸುರಿದು, ಚಹಾ ತರಿಸಿ, ಚಹಾ ಕುಡಿದು ಮುಗಿಯುವವರೆಗೆ ಯಾರೂ ಅದರ ಕಡೆ ನೋಡಬಾರದೆಂದರು. ಮುಗಿದ ಮೇಲೆ ನೋಡಿದರೆ ಅಂಚು ಒಣಗಿತ್ತು. ಈ ಒಣಗನ್ನು ನಂಬಬಹುದೇ ಎಂದು ಕೇಳಿದೆ. ಅವರು ನಕ್ಕು, ಬೆರಳಿನಿಂದ ಅಂಚನ್ನು ಸುತ್ತ ಸವರಿ, ಬೆರಳನ್ನು ನನ್ನ ಮೂಗಿಗೆ ಹಿಡಿದರು.

ಮಾರನೆಯ ಬೆಳಿಗ್ಗೆ ಗಾಡಿ ಒಂದೇ ಸೆಲ್ಫಿಗೆ ಎದ್ದಿತು. ದೇವರ ಪಟ ಅಲುಗಲಿಲ್ಲ. ಎರಡು ವಾರದ ಬಳಿಕ ತಮ್ಮ ಮತ್ತೆ ಫೋನು ಮಾಡಿ, ಟ್ಯಾಪೆಟ್ಟು ಸ್ವಲ್ಪ ಟಕಟಕ ಅನ್ನುತ್ತಿದೆ, ಕೇಳು ಎಂದು ಫೋನನ್ನು ಬಾನೆಟ್ಟಿನೊಳಗೆ ಹಿಡಿಯಲು ಹೋದ. ಬೇಡ, ಮೇಸ್ತ್ರಿಯನ್ನು ಕೇಳು ಎಂದೆ. ಅವರು ಹಾಗೇ ಅನ್ನಲಿ ಬಿಡು ಎಂದರಂತೆ. ಹಾಗೆಯೇ, ನಾವು ತೆಗೆಸಿ ಹಾಕಿದ್ದ ಆರು ಹಳೆಯ ನಾಜಲ್ಲುಗಳನ್ನು ಅವರು ಟೆಸ್ಟರಿಗೆ ಹಾಕಿ ನೋಡಿದ್ದರು. ಎರಡು ತೊಟ್ಟಿಕ್ಕುತ್ತಿದ್ದವು, ನಾಲ್ಕು ಮಂಜಿನಂತೆ ಚೆನ್ನಾಗಿಯೇ ಸಿಂಪಡಿಸಿದವು. ಆ ನಾಲ್ಕನ್ನು ಆಯಿಲ್ ಸವರಿ ಬಟ್ಟೆಯಲ್ಲಿ ಸುತ್ತಿ ಡ್ರೈವರ್ ಸೀಟಿನ ಕೆಳಗೆ, ಅಪ್ಪ ಸೋಪಿನ ತುಂಡು ಇಡುತ್ತಿದ್ದ ಡಬ್ಬಿಯಲ್ಲಿ, ತಮ್ಮ ಇಟ್ಟಿದ್ದಾನೆ.